ಕಡಿಯಬೇಕೇ ಎಂಬ ಜಗಳದಲ್ಲಿ ಕಡಿಯುವುದು ಹೇಗೆ ಎಂಬ ಪ್ರಶ್ನೆ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಮರ ಕಡಿಯುವ ವಿಚಾರ ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಸುದ್ದಿಯಾಗುತ್ತದೆ. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಊರೊಳಗಿನ ದೊಡ್ಡ ಮರವೊಂದು ವಿದ್ಯುತ್ ಕಂಬದ ಸಮೇತ ಮಗುಚಿಕೊಂಡಾಗ, ಇಂಥ ಮರಗಳನ್ನು ಮೊದಲೇ ಏಕೆ ತೆಗೆಯಲಿಲ್ಲ ಎಂಬ ಸಿಟ್ಟು ಏಳುತ್ತದೆ. ರಸ್ತೆ ಅಗಲ ಮಾಡುವುದಕ್ಕೆಂದು ಸಾಲುಮರಗಳ ತೊಗಟೆ ಕೆತ್ತಿ ಬಣ್ಣದಲ್ಲಿ ಅಂಕಿ ಬರೆದಾಗ, ಅಜ್ಜಂದಿರ ಕಾಲದ ಹುಣಸೆ ಮರಗಳನ್ನು ಏಕೆ ಉರುಳಿಸುತ್ತೀರಿ ಎಂಬ ಸಿಟ್ಟು ಏಳುತ್ತದೆ. ಎರಡೂ ನ್ಯಾಯವಾದ ಸಿಟ್ಟುಗಳೇ, ಅನೇಕ ಸಲ ಒಬ್ಬನೇ ಮನುಷ್ಯನ ಬಾಯಿಂದ ಬರುವಂಥವು. ಆದರೆ ಕಡಿಯಲೇಬೇಕೆಂದು ತೀರ್ಮಾನವಾದ ಮರವನ್ನು ಯಾರು, ಯಾವ ಸಲಕರಣೆಯಿಂದ, ಯಾವ ಕ್ರಮದಲ್ಲಿ ಕೆಳಗಿಳಿಸುತ್ತಾರೆ ಎಂದು ಕೇಳುವವರು ಎರಡೂ ಕಡೆ ಕಾಣುವುದಿಲ್ಲ. ಪರಿಸರದ ಪರವಾಗಿ ಮಾತನಾಡುವವರಿಗೆ ಅದು ಗುತ್ತಿಗೆದಾರನ ತಲೆನೋವು, ಅಭಿವೃದ್ಧಿಯ ಪರವಾಗಿ ಮಾತನಾಡುವವರಿಗೆ ಅದು ಒಂದು ದಿನದ ಕೂಲಿ ಕೆಲಸ. ಈ ಮೂರನೆಯ ಪ್ರಶ್ನೆಯನ್ನು ಬಿಟ್ಟರೆ ಮೊದಲಿನ ಎರಡಕ್ಕೂ ಸರಿಯಾದ ಉತ್ತರ ಸಿಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮರವನ್ನು ಕಡಿಯುವ ತಿಳಿವಳಿಕೆಯೂ ಅದನ್ನು ಉಳಿಸುವ ತಿಳಿವಳಿಕೆಯೂ ಬೇರೆ ಬೇರೆ ಅಲ್ಲ.

ದೊಡ್ಡ ಮರ ಎಂದರೆ ಎಷ್ಟು ದೊಡ್ಡದು ಎಂಬುದನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಹಸಿ ಮರ ಒಂದು ಘನ ಮೀಟರ್‌ಗೆ ಹೆಚ್ಚುಕಡಿಮೆ ಒಂದು ಟನ್ ತೂಗುತ್ತದೆ. 80 ಸೆಂಟಿಮೀಟರ್ ಅಡ್ಡಳತೆಯ ಬೇವಿನ ಕಾಂಡದಲ್ಲಿ 6 ಮೀಟರ್ ಉದ್ದದ ದಿಮ್ಮಿಯಷ್ಟೇ 3 ಟನ್ ಆಗುತ್ತದೆ, ಅದರ ಮೇಲಿನ ಕೊಂಬೆ, ರೆಂಬೆ, ಎಲೆಗಳ ಭಾರ ಬೇರೆ. ಹೆದ್ದಾರಿಯ ಪಕ್ಕದ ಹಳೆಯ ಹುಣಸೆಗಳೂ ಊರೊಳಗಿನ ಮಳೆಮರಗಳೂ ಇದಕ್ಕಿಂತ ಎಷ್ಟೋ ದಪ್ಪ. ಇಷ್ಟು ಭಾರ ಒಮ್ಮೆ ಚಲಿಸಲು ಶುರುವಾದ ಮೇಲೆ ಅದನ್ನು ತಡೆಯುವ ಶಕ್ತಿ ಹಗ್ಗ ಹಿಡಿದ ನಾಲ್ಕು ಜನಕ್ಕಾಗಲಿ, ಟ್ರ್ಯಾಕ್ಟರಿಗಾಗಲಿ ಇಲ್ಲ. ಹೀಗಾಗಿ ಮರ ಕಡಿಯುವ ಕೆಲಸದ ಮುಕ್ಕಾಲು ಪಾಲು ಗರಗಸ ಚಾಲೂ ಮಾಡುವ ಮೊದಲೇ ಮುಗಿದಿರಬೇಕು.

ಮೊದಲ ಕೆಲಸ ಮರವನ್ನು ನಾಲ್ಕೂ ದಿಕ್ಕಿನಿಂದ ಸುತ್ತಿ ನೋಡುವುದು. ಕಾಂಡ ಯಾವ ಕಡೆ ವಾಲಿದೆ, ತಲೆಯ ಭಾರ ಯಾವ ಕಡೆ ಹೆಚ್ಚಿದೆ ಎಂಬುದು ಬೇರೆ ಬೇರೆ ಸಂಗತಿಗಳು. ಕಾಂಡ ನೆಟ್ಟಗಿದ್ದರೂ ಕೊಂಬೆಗಳೆಲ್ಲ ಒಂದೇ ಕಡೆ ಚಾಚಿಕೊಂಡಿದ್ದರೆ ಮರ ಆ ಕಡೆಗೇ ಬೀಳಲು ಬಯಸುತ್ತದೆ. ಬುಡದಲ್ಲಿ ಅಣಬೆ ಎದ್ದಿದ್ದರೆ ಬೇರಿನಲ್ಲೋ ಬೊಡ್ಡೆಯಲ್ಲೋ ಕೊಳೆತ ಸೇರಿದೆ ಎಂದು ಅರ್ಥ. ಅನುಭವಿಗಳು ಕೊಡಲಿಯ ಹಿಂಬದಿಯಿಂದ ಕಾಂಡವನ್ನು ಮೊಣಕಾಲೆತ್ತರದಿಂದ ಎದೆಯೆತ್ತರದವರೆಗೆ ತಟ್ಟುತ್ತಾ ಬರುತ್ತಾರೆ. ಗಟ್ಟಿ ಮರ ಗಡುಸಾಗಿ ಸದ್ದು ಕೊಡುತ್ತದೆ, ಒಳಗೆ ತಿರುಳು ಹೋಗಿದ್ದರೆ ಸದ್ದು ಮಂಕಾಗುತ್ತದೆ. 'ಯಜಮಾನ್ರೇ, ಇದರ ಹೊಟ್ಟ್ಯಾಗ ಏನೂ ಉಳಿದಿಲ್ಲ, ಇವತ್ತು ಬ್ಯಾಡ' ಎಂದು ಹೇಳಿ ಹಗ್ಗ ಸುತ್ತಿಕೊಂಡು ಹೊರಡುವ ಕೆಲಸಗಾರನನ್ನು ಜಮೀನಿನವರು ಹೆದರುಪುಕ್ಕಲನೆಂದು ತಿಳಿಯುವುದುಂಟು. ಅವನು ಹಾಗೆ ಹೊರಡುವುದು ಕಸುಬು ಬಲ್ಲವನಾದ್ದರಿಂದ. ಟೊಳ್ಳು ಮರದಲ್ಲಿ ಮುಂದೆ ಹೇಳುವ ಯಾವ ಲೆಕ್ಕವೂ ನಡೆಯುವುದಿಲ್ಲ, ಅದನ್ನು ಮೇಲಿನಿಂದ ತುಂಡು ತುಂಡಾಗಿಯೇ ಇಳಿಸಬೇಕು.

ನಿಂತ ಮರವನ್ನು ಬೀಳಿಸುವ ಕ್ರಮ ಲೋಕದಲ್ಲೆಲ್ಲ ಒಂದೇ. ಮರ ಬೀಳಬೇಕಾದ ಕಡೆಗೆ ಮುಖಮಾಡಿ, ಬುಡಕ್ಕೆ ಹತ್ತಿರದಲ್ಲಿ, ಕಾಂಡದ ಅಡ್ಡಳತೆಯ ಐದನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಆಳಕ್ಕೆ ಕಚ್ಚು ತೆಗೆಯುತ್ತಾರೆ. ಕಚ್ಚಿನ ಮೇಲಿನ ಕೊಯ್ತ, ಕೆಳಗಿನ ಕೊಯ್ತ ಎರಡೂ ಒಂದೇ ಗೆರೆಯಲ್ಲಿ ಕೂಡಬೇಕು. ಒಂದು ಇನ್ನೊಂದನ್ನು ದಾಟಿ ಒಳಗೆ ಹೋದರೆ ಲೆಕ್ಕ ಅಲ್ಲಿಯೇ ಕೆಟ್ಟಿತು. ಆಮೇಲೆ ಹಿಂಬದಿಯಿಂದ, ಕಚ್ಚಿನ ತಳಕ್ಕಿಂತ ತುಸು ಮೇಲೆ, ಅಡ್ಡಕೊಯ್ತ ಶುರುಮಾಡುತ್ತಾರೆ. ಈ ಕೊಯ್ತ ಕಚ್ಚನ್ನು ಎಂದೂ ಮುಟ್ಟಬಾರದು. ಎರಡರ ನಡುವೆ ಅಡ್ಡಳತೆಯ ಹತ್ತನೆಯ ಒಂದು ಭಾಗದಷ್ಟು ದಪ್ಪದ ಪಟ್ಟಿಯನ್ನು ಕೊಯ್ಯದೆ ಉಳಿಸಬೇಕು. ಬಾಗಿಲಿಗೆ ಕೀಲು ಹೇಗೋ ಬೀಳುವ ಮರಕ್ಕೆ ಈ ಪಟ್ಟಿ ಹಾಗೆ. ಮರ ಅದರ ಮೇಲೆ ತಿರುಗಿ, ತೋರಿಸಿದ ದಿಕ್ಕಿಗೆ ನಿಧಾನವಾಗಿ ಮಲಗುತ್ತದೆ. ಕೊಯ್ತದ ಹಿಂದೆಯೇ ಬೆಣೆ ಹೊಡೆಯುತ್ತಾ ಹೋದರೆ ಮರ ಹಿಂದಕ್ಕೆ ಕೂತು ಗರಗಸವನ್ನು ಕಚ್ಚಿಕೊಳ್ಳುವುದಿಲ್ಲ. ಗರಗಸದ ಹಲ್ಲಿಗೆ ತಗುಲಿದರೂ ಕೆಡದ ಪ್ಲಾಸ್ಟಿಕ್ ಬೆಣೆ ಇದಕ್ಕೆ ಒಳ್ಳೆಯದು, ಇಲ್ಲದಿದ್ದರೆ ಗಟ್ಟಿ ಕಟ್ಟಿಗೆಯ ಬೆಣೆಯೂ ನಡೆಯುತ್ತದೆ.

ಕಡಿದ ಮರದ ಬೊಡ್ಡೆ ಇಡೀ ಕೆಲಸದ ಸಾಕ್ಷಿ ಹೇಳುತ್ತದೆ. ನಮ್ಮ ಜಿಲ್ಲೆಗಳ ರಸ್ತೆ ಬದಿಯಲ್ಲಿ ಉಳಿದಿರುವ ಯಾವುದೇ ಬೊಡ್ಡೆಯ ಹತ್ತಿರ ಕುಳಿತು ನೋಡಿದರೆ, ಮುಂಬದಿಯಲ್ಲಿ ಕಚ್ಚಿನ ನುಣುಪು ಮುಖ, ಹಿಂಬದಿಯಲ್ಲಿ ಅಡ್ಡಕೊಯ್ತದ ನುಣುಪು ಮುಖ, ಎರಡರ ನಡುವೆ ಎಳೆ ಎಳೆಯಾಗಿ ಹರಿದು ನಿಂತ ನಾರಿನ ಸಾಲು, ಇಷ್ಟು ಕಾಣಬೇಕು. ಆ ನಾರಿನ ಸಾಲು ಉದ್ದಕ್ಕೂ ಒಂದೇ ದಪ್ಪವಾಗಿದ್ದರೆ ಕೆಲಸಗಾರನಿಗೆ ಕಸುಬು ಗೊತ್ತಿತ್ತು. ನಾರಿನ ಸಾಲೇ ಇಲ್ಲದೆ ಬೊಡ್ಡೆ ಪೂರಾ ನುಣುಪಾಗಿದ್ದರೆ ಅವನು ಕೀಲನ್ನೂ ಕೊಯ್ದುಬಿಟ್ಟಿದ್ದಾನೆ, ಆ ಮರ ಬಿದ್ದ ದಿಕ್ಕು ಗಾಳಿಯ ಇಷ್ಟಕ್ಕೆ ಬಿಟ್ಟದ್ದು. ಒಂದು ಬದಿಯಲ್ಲಿ ಆಳೆತ್ತರದ ಸೀಳು ಎದ್ದು ನಿಂತಿದ್ದರೆ, ವಾಲಿದ ಮರವನ್ನು ಕಚ್ಚು ತೆಗೆಯದೆಯೋ ಕಡಿಮೆ ತೆಗೆದೋ ಹಿಂದಿನಿಂದ ಕೊಯ್ದಿದ್ದಾರೆಂದು ತಿಳಿಯಬೇಕು. ಹೀಗೆ ಸೀಳುವ ಮರ ಈ ಕೆಲಸದ ಅತ್ಯಂತ ಭೀಕರ ಅಪಾಯಗಳಲ್ಲಿ ಒಂದು. ಕಾಂಡ ಉದ್ದಕ್ಕೆ ಎರಡಾಗಿ, ಹಿಂದಿನ ಹೋಳು ಕೊಯ್ಯುವವನ ಎದೆಮಟ್ಟದಲ್ಲಿ ಹಿಂದಕ್ಕೆ ಚಿಮ್ಮುತ್ತದೆ, ಓಡಲು ಕ್ಷಣವೂ ಸಿಗುವುದಿಲ್ಲ.

ಓಡುವ ದಾರಿಯನ್ನು ಮೊದಲೇ ಸವರಿ ಇಟ್ಟುಕೊಳ್ಳಬೇಕು ಎಂಬ ನಿಯಮ ಇರುವುದು ಇಂಥ ಗಳಿಗೆಗಳಿಗಾಗಿಯೇ. ಮರ ಬೀಳುವ ದಿಕ್ಕಿಗೆ ನೇರ ಹಿಂದೆ ಓಡಬಾರದು, ಏಕೆಂದರೆ ಬೊಡ್ಡೆಯಿಂದ ಜಾರಿದ ಕಾಂಡ ಹಿಂದಕ್ಕೂ ನುಗ್ಗಬಹುದು. ಎಡಕ್ಕೋ ಬಲಕ್ಕೋ ಓರೆಯಾಗಿ ಹಿಂದಕ್ಕೆ ಸರಿಯಬೇಕು. ಮರದ ಎತ್ತರದ ಎರಡರಷ್ಟು ದೂರದೊಳಗೆ ಕೆಲಸಕ್ಕೆ ಸಂಬಂಧಪಡದ ಒಬ್ಬರೂ ಇರಕೂಡದು ಎಂಬುದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1998ರಲ್ಲಿ ಅರಣ್ಯ ಕೆಲಸಗಳಿಗಾಗಿ ಪ್ರಕಟಿಸಿದ ಸುರಕ್ಷತಾ ಸಂಹಿತೆಯ ಮಾತು. 15 ಮೀಟರ್ ಎತ್ತರದ ಮರಕ್ಕೆ 30 ಮೀಟರ್ ಸುತ್ತಳತೆಯ ಖಾಲಿ ಜಾಗ ಬೇಕೆಂದಲ್ಲ, ಎಲ್ಲ ದಿಕ್ಕಿಗೂ 30 ಮೀಟರ್ ದೂರ ಖಾಲಿ ಇರಬೇಕೆಂದು ಅರ್ಥ. ನಮ್ಮಲ್ಲಿ ಮರ ಕಡಿಯುವ ಜಾಗದಲ್ಲಿ ಊರ ಹುಡುಗರು ಮೊಬೈಲ್ ಹಿಡಿದು ಎಷ್ಟು ಹತ್ತಿರ ನಿಂತಿರುತ್ತಾರೆ ಎಂಬುದನ್ನು ಕಂಡವರಿಗೆ ಈ ಅಂತರದ ಮಹತ್ವ ವಿವರಿಸಬೇಕಿಲ್ಲ.

ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಯುವುದು, ಜೆಸಿಬಿಯಿಂದ ದೂಡುವುದು ನಮ್ಮ ಕಡೆ ಸಾಮಾನ್ಯ ರೂಢಿ. ಹಗ್ಗ ಮರದ ಎತ್ತರಕ್ಕಿಂತ ಗಿಡ್ಡದಾಗಿದ್ದರೆ ಟ್ರ್ಯಾಕ್ಟರ್ ನಡೆಸುವವನು ತನ್ನ ಮೇಲೆಯೇ ಮರವನ್ನು ಎಳೆದುಕೊಂಡಂತಾಗುತ್ತದೆ. ಹಗ್ಗವನ್ನು ದೂರದ ಇನ್ನೊಂದು ಗಟ್ಟಿ ಮರಕ್ಕೆ ಕಟ್ಟಿದ ರಾಟೆಯ ಮೂಲಕ ಹಾಯಿಸಿ ಪಕ್ಕದಿಂದ ಎಳೆದರೆ ಈ ಅಪಾಯ ತಪ್ಪುತ್ತದೆ. ಜೆಸಿಬಿಯ ದೂಡುವಿಕೆ ಇನ್ನೂ ಕೆಟ್ಟದ್ದು. ಕಾಂಡ ಅದುರಿದಾಗ ತುದಿಯ ಒಣ ಕೊಂಬೆಗಳು ಮುರಿದು ಯಂತ್ರದ ಕಡೆಗೇ ಬೀಳುತ್ತವೆ.

ಇನ್ನು ಗರಗಸದ ಮಾತು. ಪೆಟ್ರೋಲ್ ಗರಗಸ ಹತ್ತು ಹದಿನೈದು ವರ್ಷಗಳ ಹಿಂದೆ ದೊಡ್ಡ ಗುತ್ತಿಗೆದಾರರ ಬಳಿ ಮಾತ್ರ ಕಾಣುತ್ತಿತ್ತು. ಈಗ ಅಗ್ಗದ ಯಂತ್ರ ಆನ್‌ಲೈನಿನಲ್ಲಿ ತರಿಸಿಕೊಂಡು ಯಾರು ಬೇಕಾದರೂ ಕೆಲಸಕ್ಕೆ ಇಳಿಯಬಹುದು. ಚಳ್ಳಕೆರೆ, ಹಿರಿಯೂರು ಕಡೆಯ ಬಳ್ಳಾರಿ ಜಾಲಿ ಮತ್ತು ಹೊಲಗಳ ನೀಲಗಿರಿಯ ಮೇಲೆ ಕೈ ಪಳಗಿಸಿಕೊಂಡ ಯುವಕರು ಅದೇ ಯಂತ್ರ ಹಿಡಿದು ಹುಣಸೆ, ಆಲ, ಮಳೆಮರಗಳಿಗೆ ಹೋಗುತ್ತಾರೆ. ಗೇಣುದಪ್ಪದ ನೀಲಗಿರಿಯನ್ನು ಒಂದೇ ಕೊಯ್ತದಲ್ಲಿ ಬೀಳಿಸಿ ರೂಢಿಯಾದ ಕೈಗೆ ಕಚ್ಚು, ಕೀಲು, ಬೆಣೆಗಳ ಅಗತ್ಯವೇ ತಿಳಿದಿರುವುದಿಲ್ಲ. ಗರಗಸದ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತದೆ. ಸರಪಳಿ ಓಡುವ ಪಟ್ಟಿಯ ತುದಿಯ ಮೇಲ್ಭಾಗ ಮರಕ್ಕೋ ಪಕ್ಕದ ಕೊಂಬೆಗೋ ತಗುಲಿದರೆ ಇಡೀ ಯಂತ್ರ ಮುಖದ ಕಡೆಗೆ ಎಗರುತ್ತದೆ, ಅದಕ್ಕಾಗಿಯೇ ಮುಂಗೈ ಎದುರಿಗೆ ಸರಪಳಿ ತಡೆಯುವ ಬ್ರೇಕ್ ಇರುತ್ತದೆ. ಮುಖದ ಜಾಲರಿ ಇರುವ ಹೆಲ್ಮೆಟ್, ಕಿವಿಯ ಮುಚ್ಚಿಗೆ, ಗಟ್ಟಿ ಬೂಟು, ತೊಡೆಯ ಮುಂದೆ ಸರಪಳಿಗೆ ಸುತ್ತಿಕೊಂಡು ಅದನ್ನು ನಿಲ್ಲಿಸುವ ನಾರಿನ ಪದರವಿರುವ ಪ್ಯಾಂಟು, ಇವು ಶೋಕಿಯ ವಸ್ತುಗಳಲ್ಲ. ಲುಂಗಿ ಮತ್ತು ಹವಾಯಿ ಚಪ್ಪಲಿಯಲ್ಲಿ ಗರಗಸ ಹಿಡಿದವನನ್ನು ಕಂಡು ನಾವು ಅವನ ಧೈರ್ಯವನ್ನು ಹೊಗಳುವುದನ್ನು ಬಿಡಬೇಕು. ಅವನಿಗೆ ಬೂಟು ಕೊಡದವರನ್ನು ಕೇಳಬೇಕು.

ಕೊಡದಿರುವುದಕ್ಕೆ ಕಾರಣ ಮರ ಮಾರುವ ಪದ್ಧತಿಯಲ್ಲಿದೆ, ಈ ಲೇಖನದ ಮುಖ್ಯ ಮಾತು ಇಲ್ಲಿಯೇ ಬರುತ್ತದೆ. ಸಾರ್ವಜನಿಕ ಜಾಗದ ಮರವಾಗಲಿ, ಖಾಸಗಿ ಜಮೀನಿನ ಮರವಾಗಲಿ, ಸಾಮಾನ್ಯವಾಗಿ ನಿಂತಲ್ಲಿಯೇ ಅದಕ್ಕೆ ಬೆಲೆ ಕಟ್ಟುತ್ತಾರೆ, ಹೆಚ್ಚು ಕೂಗಿದವನು ತಾನೇ ಕಡಿದುಕೊಂಡು ಒಯ್ಯುತ್ತಾನೆ. ಮರದ ಬೆಲೆ ಇರುವುದು ಸೀಳಿಲ್ಲದ ಉದ್ದ ದಿಮ್ಮಿಯಲ್ಲಿ. ಆದ್ದರಿಂದ ಮೇಲಿನಿಂದ ತುಂಡು ತುಂಡಾಗಿ ಇಳಿಸಬೇಕಾದ ಮರವನ್ನೂ ಅವನು ಇಡಿಯಾಗಿ ಬೀಳಿಸಲು ನೋಡುತ್ತಾನೆ. ಕೂಲಿ, ಹಗ್ಗ, ಕ್ರೇನು, ಸಮಯ ಎಲ್ಲವೂ ಅವನ ಲಾಭದಿಂದ ಕಳೆಯುವ ಖರ್ಚುಗಳು. ಗುಲ್‌ಮೊಹರ್‌ನಂಥ ದಿಮ್ಮಿಗೆ ಬೆಲೆಯಿಲ್ಲದ ಮರವಾದರೆ ಕೂಗುವವರೇ ಇರುವುದಿಲ್ಲ, ಅದು ನಿಜವಾಗಿಯೂ ಅಪಾಯಕಾರಿಯಾಗಿದ್ದರೂ ಗಾಳಿ ಬರುವವರೆಗೆ ನಿಂತೇ ಇರುತ್ತದೆ. ಹೀಗೆ ದಿಮ್ಮಿಯ ಬೆಲೆಯೇ ಯಾವ ಮರ ಬೀಳಬೇಕು, ಹೇಗೆ ಬೀಳಬೇಕು ಎಂಬ ಎರಡನ್ನೂ ತೀರ್ಮಾನಿಸುತ್ತಿದೆ. ಕಡಿಯುವ ಕೆಲಸವನ್ನು ಸೇವೆಯೆಂದು ತಿಳಿದು ಅದಕ್ಕೆ ಪ್ರತ್ಯೇಕವಾಗಿ ಹಣ ಕೊಟ್ಟು, ನೆಲಕ್ಕೆ ಬಂದ ದಿಮ್ಮಿಯನ್ನು ಆಮೇಲೆ ಹರಾಜು ಹಾಕಿದರೆ ಈ ಗಂಟು ಬಿಡುತ್ತದೆ. ಸರ್ಕಾರಿ ಅರಣ್ಯದ ದಿಮ್ಮಿಗಳನ್ನು ಡಿಪೋಗೆ ತಂದು ಹರಾಜು ಮಾಡುವ ಪದ್ಧತಿ ಹಳೆಯದೇ, ಊರ ಮರಕ್ಕೆ ಅದನ್ನು ಅನ್ವಯಿಸಲು ಹೊಸ ಕಾನೂನು ಬೇಕಿಲ್ಲ.

ಅಪಾಯಕಾರಿ ಮರಗಳು ತಾವಾಗಿ ಹುಟ್ಟುವುದಕ್ಕಿಂತ ನಾವು ಮಾಡಿದ್ದರಿಂದ ಹುಟ್ಟುವುದೇ ಹೆಚ್ಚು. ದಾವಣಗೆರೆಯ ಹಳೆಯ ಬಡಾವಣೆಗಳ ಯಾವುದೇ ಬೀದಿಯಲ್ಲಿ ನಿಂತು ನೋಡಿದರೆ ಇದರ ಕ್ರಮ ಕಣ್ಣಿಗೆ ಕಾಣುತ್ತದೆ. ಮೊದಲು ವಿದ್ಯುತ್ ತಂತಿಯ ಕೆಳಗೆ ಮಳೆಮರವನ್ನೋ ಗುಲ್‌ಮೊಹರನ್ನೋ ನೆಡುತ್ತಾರೆ. ಅದು ಬೆಳೆದು ತಂತಿ ಮುಟ್ಟಿದಾಗ ಪ್ರತಿ ಬೇಸಿಗೆ ತಂತಿಯ ಕಡೆಯ ರೆಂಬೆಗಳನ್ನು ಮಾತ್ರ ಸವರುತ್ತಾರೆ. ನಾಲ್ಕಾರು ವರ್ಷಗಳಲ್ಲಿ ಮರದ ತಲೆಯ ಭಾರವೆಲ್ಲ ಮನೆಗಳ ಕಡೆಗೆ ವಾಲುತ್ತದೆ. ಆಮೇಲೆ ಚರಂಡಿ ಕಟ್ಟುವಾಗ ರಸ್ತೆಯ ಕಡೆಯ ಬೇರುಗಳನ್ನು ಕತ್ತರಿಸಿ, ಬುಡದವರೆಗೆ ಕಾಂಕ್ರೀಟ್ ಸುರಿಯುತ್ತಾರೆ. ಒಂದು ಕಡೆ ಭಾರ, ಇನ್ನೊಂದು ಕಡೆ ಹಿಡಿತವಿಲ್ಲ. ಮುಂಗಾರು ಪೂರ್ವದ ಒಂದು ಗಾಳಿಗೆ ಮರ ಬೀಳುತ್ತದೆ, ಮರಗಳೇ ಅಪಾಯ ಎಂಬ ಮಾತು ಬೀದಿಯಲ್ಲಿ ಗಟ್ಟಿಯಾಗುತ್ತದೆ, ಗಟ್ಟಿಮುಟ್ಟಾದ ಪಕ್ಕದ ಮರಗಳಿಗೂ ಅರ್ಜಿ ಬೀಳುತ್ತದೆ. ಮರದ ತಲೆಯನ್ನೇ ಬೋಳಿಸುವ ರೂಢಿಯೂ ಇದೇ ಜಾತಿಯದು. ದಪ್ಪ ಕೊಂಬೆಯನ್ನು ನಡುವೆ ಕೊಯ್ದಲ್ಲಿ ಗಾಯ ಮುಚ್ಚದೆ ಕೊಳೆತ ಇಳಿಯುತ್ತದೆ, ಅದರ ಸುತ್ತ ಎದ್ದ ಚಿಗುರುಗಳು ಮೇಲುತೊಗಟೆಗೆ ಮಾತ್ರ ಅಂಟಿಕೊಂಡು ಬೆಳೆಯುತ್ತವೆ. ಐದಾರು ವರ್ಷಕ್ಕೆ ಅವು ತೋಳಿನಷ್ಟು ದಪ್ಪವಾಗಿ ಗಾಳಿಗೆ ಕಿತ್ತು ಬರುತ್ತವೆ. ಕೊಂಬೆಯನ್ನು ಅದು ಕಾಂಡಕ್ಕೆ ಕೂಡುವ ಉಬ್ಬಿನ ಹೊರಗೆ, ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು ಆಮೇಲೆ ಮೇಲಿನಿಂದ ಕೊಯ್ದರೆ ಮರ ತಾನೇ ಗಾಯ ಮುಚ್ಚಿಕೊಳ್ಳುತ್ತದೆ. ಇಷ್ಟು ತಿಳಿದ ಒಬ್ಬ ಕೆಲಸಗಾರ ಪ್ರತಿ ನಗರಸಭೆಯಲ್ಲಿ ಇದ್ದರೂ ಕಡಿಯುವ ಅರ್ಜಿಗಳ ಸಂಖ್ಯೆ ಇಳಿಯುತ್ತದೆ.

ಕಾನೂನಿನ ಕಡೆ ನೋಡಿದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಮೀನಿನ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕೆನ್ನುತ್ತದೆ. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ಬಳ್ಳಾರಿ ಜಾಲಿ, ತೆಂಗು ಮುಂತಾದವಕ್ಕೆ ಅದರಲ್ಲಿ ವಿನಾಯಿತಿ ಇದೆ. ಮರ ಸತ್ತಿದ್ದರೆ, ರೋಗ ಬಂದಿದ್ದರೆ, ಗಾಳಿಗೆ ಬಿದ್ದಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯ ತರುವಂತಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ ಅನುಮತಿ ನಿರಾಕರಿಸುವಂತಿಲ್ಲ. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರಗಳು ಹೋಗುವುದಾದರೆ ಜನರ ಆಕ್ಷೇಪಣೆ ಕೇಳಬೇಕು. ಈ ಕಾಯ್ದೆಯ ಯೋಚನೆಯೆಲ್ಲ ಮರ ಬೀಳಬಹುದೇ ಎಂಬುದರಲ್ಲಿ ಮುಗಿಯುತ್ತದೆ, ಬೀಳಿಸುವವನ ಪ್ರಸ್ತಾಪವೇ ಇಲ್ಲ. ಅವನ ಪ್ರಸ್ತಾಪ ಇರುವುದು ಬೇರೆಡೆ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿ ಮರ ಕಡಿಯುವ, ದಿಮ್ಮಿ ಸಾಗಿಸುವ ಕೆಲಸಗಾರರನ್ನು ಹೆಸರಿಸಿತ್ತು, ಆ ಕಾಯ್ದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ದಶಕಗಳ ಹಿಂದೆಯೇ ಅಪಾಯದ ಕೆಲಸವೆಂದು ಗುರುತಿಸಿದ್ದರೂ, ದಿನಗೂಲಿಗೆ ಬಾಯಿಮಾತಿನಲ್ಲಿ ಕರೆತಂದವನು ಸತ್ತಾಗ ತಾನು ಅವನ ಮಾಲೀಕನೆಂದು ಒಪ್ಪಿಕೊಳ್ಳುವವರು ಯಾರು? ಜಮೀನಿನವರು ವ್ಯಾಪಾರಿಯತ್ತ ತೋರಿಸುತ್ತಾರೆ, ವ್ಯಾಪಾರಿ ಮೇಸ್ತ್ರಿಯತ್ತ ತೋರಿಸುತ್ತಾನೆ.

ಮರ ಕಡಿಯುವುದರ ಬಗೆಗಿನ ಭಿನ್ನಾಭಿಪ್ರಾಯಗಳಿಗೆ ಈ ಸೀಮೆಯಲ್ಲಿ ಒಂದು ಚರಿತ್ರೆ ಇದೆ, ಅದನ್ನು ಮರೆತು ಮಾತನಾಡುವುದು ಸರಿಯಲ್ಲ. ಮಲೆನಾಡಿನಲ್ಲಿ 1983ರ ಸೆಪ್ಟೆಂಬರಿನಲ್ಲಿ ಶಿರಸಿ ಹತ್ತಿರದ ಸಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿ ನಿಂತರು. ನಮ್ಮ ಪಕ್ಕದಲ್ಲಿ ನಡೆದದ್ದು ಇನ್ನೊಂದು ಬಗೆಯ ಹೋರಾಟ. ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ ರೇಯಾನ್ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ನೀಲಗಿರಿ ಬೇಕಿತ್ತು. ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮದೊಡನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಹುಟ್ಟಿತು, ಹಳ್ಳಿಗರು ದನ ಮೇಯಿಸಿ ಸೌದೆ ಆಯುತ್ತಿದ್ದ ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಅದಕ್ಕೆ ಕೊಡುವ ಏರ್ಪಾಡಾಯಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಮತ್ತು ಸಂಗಡಿಗರ ಈ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹದಲ್ಲಿ ಮರವೊಂದನ್ನು ಕೀಳುವುದೇ ಪರಿಸರದ ಕೆಲಸವಾಗಿತ್ತು. ಸುಪ್ರೀಂ ಕೋರ್ಟಿನವರೆಗೆ ಹೋದ ಆ ಹೋರಾಟದ ಕೊನೆಗೆ ಜಂಟಿ ಕಂಪನಿ 1991ರಲ್ಲಿ ಮುಚ್ಚಿತು. ಕಡಿಯುವುದೆಲ್ಲ ಪಾಪ, ನೆಡುವುದೆಲ್ಲ ಪುಣ್ಯ ಎಂಬ ಸರಳ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಯಾವ ಮರ, ಯಾರ ನೆಲದಲ್ಲಿ, ಯಾರಿಗಾಗಿ ಎಂದು ಅವರು ಕೇಳಿದ್ದರು. 2017ರಲ್ಲಿ ರಾಜ್ಯ ಸರ್ಕಾರವೇ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು.

ಸಹಜ ಕಾಡಿನ ವಿಷಯದಲ್ಲಿ ಈಗ ದೊಡ್ಡ ಭಿನ್ನಾಭಿಪ್ರಾಯ ಉಳಿದಿಲ್ಲ. 1988ರ ರಾಷ್ಟ್ರೀಯ ಅರಣ್ಯ ನೀತಿ ಕಾಡು ಆದಾಯಕ್ಕಾಗಿ ಅಲ್ಲ ಎಂದಿತು, ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 1996ರ ಡಿಸೆಂಬರ್ 12ರ ಆದೇಶ ಕೇಂದ್ರದ ಒಪ್ಪಿಗೆ ಪಡೆದ ಕಾರ್ಯಯೋಜನೆಯಿಲ್ಲದೆ ಕಾಡಿನ ಮರ ಕಡಿಯಕೂಡದೆಂದಿತು. ಚಿತ್ರದುರ್ಗದ ಜೋಗಿಮಟ್ಟಿ, ಜಗಳೂರಿನ ಕೊಂಡುಕುರಿಗಳ ರಂಗಯ್ಯನದುರ್ಗ ಇಂದು ವನ್ಯಜೀವಿಧಾಮಗಳು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆಯ ಈ ಕುರುಚಲು ಕಾಡಿನಲ್ಲಿ ಕಮರದಂಥ ಮರ ತೊಲೆಯಾಗುವಷ್ಟು ದಪ್ಪಕ್ಕೆ ಬರಲು ಒಂದೆರಡು ತಲೆಮಾರು ಬೇಕು. ಇಲ್ಲಿ ದಿಮ್ಮಿಗಾಗಿ ಕಡಿಯುವುದನ್ನು ನಾನು ಪೂರ್ತಿಯಾಗಿ ವಿರೋಧಿಸುತ್ತೇನೆ. ಸತ್ತು ನಿಂತ ಮರವನ್ನೂ ಕಾಡಿನೊಳಗೆ ಹಾಗೆಯೇ ಬಿಡಬೇಕು, ಅದರ ಪೊಟರೆಯಲ್ಲಿ ಗೂಬೆ, ಗಿಳಿ, ಬೂದು ಮಂಗಟ್ಟೆ ಗೂಡು ಕಟ್ಟುತ್ತವೆ.

ವಿವಾದ ಇರುವುದು ಹೊಲದ ಬದುವಿನ ಮರ, ರಸ್ತೆ ಬದಿಯ ಮರ ಮತ್ತು ತೋಟದ ಮರಗಳ ಮೇಲೆ. ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ಹಬ್ಬಿದಂತೆಲ್ಲ ಹೊಲದ ನಡುವಿನ ಹಳೆಯ ಬೇವು, ಹುಣಸೆ, ಮಾವು ನೆರಳು ಮಾಡುತ್ತವೆ ಎಂದು ಹೋಗುತ್ತಿವೆ. ರೈತನ ವಾದವನ್ನು ತಳ್ಳಿಹಾಕಲಾಗದು. ಅವನ ನೆಲ, ಅವನ ಸಾಲ, ಮರದ ನೆರಳಿನ ಲಾಭ ದಾರಿಹೋಕನಿಗೆ. ಆದರೆ ಇಂಥ ಮರವನ್ನು ಕಡಿಯಲು ರೈತ ಅವಸರ ಮಾಡುವುದಕ್ಕೆ ಅನುಮತಿಯ ಭಯವೂ ಒಂದು ಕಾರಣ. ದೊಡ್ಡದಾದ ಮೇಲೆ ಕಡಿಯಲು ಕಚೇರಿ ಅಲೆಯಬೇಕು ಎಂದು ಗಿಡವಾಗಿದ್ದಾಗಲೇ ಕಿತ್ತೆಸೆಯುವವರಿದ್ದಾರೆ. ತಾನು ನೆಟ್ಟದ್ದನ್ನು ತಾನು ಕಡಿಯಬಹುದು ಎಂಬ ಭರವಸೆ ಇದ್ದರೆ ಜನ ಹೆಚ್ಚು ನೆಡುತ್ತಾರೆ ಎಂಬುದಕ್ಕೆ ಶ್ರೀಗಂಧವೇ ಸಾಕ್ಷಿ. 2001ರ ತಿದ್ದುಪಡಿಯಿಂದ ಜಮೀನಿನ ಶ್ರೀಗಂಧಕ್ಕೆ ಜಮೀನಿನವನೇ ಒಡೆಯನಾದ ಮೇಲೆ ಅದು ರೈತರ ಬೆಳೆಯಾಯಿತು.

ರಸ್ತೆ ಬದಿಯ ಮರಗಳ ವಿಷಯದಲ್ಲಿ ನನಗೆ ಅಧಿಕಾರಿಗಳ ವಾದ ಒಪ್ಪಿಗೆಯಾಗುವುದಿಲ್ಲ. ಒಂದು ಮರಕ್ಕೆ ಹತ್ತು ಗಿಡ ಎಂಬ ಮಾತು ಕೇಳಲು ಚೆನ್ನ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಚಳ್ಳಕೆರೆಯಂಥ ತಾಲ್ಲೂಕಿನಲ್ಲಿ ಮೊದಲ ಮೂರು ಬೇಸಿಗೆ ನೀರು ಹಾಕದ ಗಿಡ ಉಳಿಯುವುದಿಲ್ಲ, ಉಳಿದರೂ ಹುಣಸೆಯ ನೆರಳು ಕೊಡಲು ಅರ್ಧ ಶತಮಾನ ಬೇಕು. ಬೇರು ಸಮೇತ ಕಿತ್ತು ಬೇರೆಡೆ ನೆಡುವ ಉಪಾಯ ಆಲ, ಅರಳಿ, ಬಸರಿಯಂಥವಕ್ಕೆ ಹೊಂದುತ್ತದೆ. ಹಳೆಯ ಹುಣಸೆಗೆ ಅದನ್ನು ಮಾಡುವುದು ದುಡ್ಡು ಖರ್ಚು ಮಾಡಿ ಕೊಂದಂತೆ. ರಸ್ತೆಯನ್ನು ಒಂದೇ ಬದಿಗೆ ಅಗಲ ಮಾಡಿ ಇನ್ನೊಂದು ಸಾಲನ್ನು ಉಳಿಸಿಕೊಳ್ಳಬಹುದಾದ ಕಡೆಗಳಲ್ಲಿ ಅದನ್ನು ಮೊದಲು ನೋಡಬೇಕು. ನೋಡಿದ ಮೇಲೂ ಹೋಗಲೇಬೇಕಾದ ಮರಗಳಿಗೆ, ಅನುಮತಿ ಪತ್ರದ ಜೊತೆ ಒಂದು ಪುಟದ ಕಡಿಯುವ ಯೋಜನೆ ಕಡ್ಡಾಯವಾಗಬೇಕು. ಮರ ವಾಲಿದ ದಿಕ್ಕು, ಟೊಳ್ಳು ಇದೆಯೇ, ತಂತಿಯ ವಿದ್ಯುತ್ ಕಡಿತಕ್ಕೆ ಬೆಸ್ಕಾಂ ಒಪ್ಪಿದ ಸಮಯ, ಇಡಿಯಾಗಿ ಬೀಳಿಸುವುದೋ ತುಂಡು ತುಂಡಾಗಿ ಇಳಿಸುವುದೋ, ಕೆಲಸದ ಹೊಣೆ ಹೊತ್ತವರ ಹೆಸರು, ಕೆಲಸಗಾರರ ವಿಮೆ, ಇಷ್ಟು ಅದರಲ್ಲಿ ಇರಬೇಕು. ಈ ಪುಟ ತುಂಬಲು ಯಾರಾದರೂ ಮರದ ಬುಡಕ್ಕೆ ಹೋಗಿ ತಟ್ಟಿ ನೋಡಲೇಬೇಕಾಗುತ್ತದೆ. ಹಾಗೆ ನೋಡಿದಾಗ, ಅಪಾಯಕಾರಿ ಎಂದು ಬರೆದುಕೊಂಡು ಬಂದ ಎಷ್ಟೋ ಮರಗಳು ಎರಡು ಕೊಂಬೆ ಇಳಿಸಿದರೆ ಸಾಕಾಗುವಂಥವು ಎಂದೂ ತಿಳಿಯುತ್ತದೆ.

ಈ ಕೆಲಸಕ್ಕೆ ಕಲಿತ ಕೈಗಳು ಬೇಕಾಗುವ ಕಾಲ ದೂರವಿಲ್ಲ. 2011-12ರಿಂದ ನಡೆಯುತ್ತಿರುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ, ಬದುಕುಳಿದ ಗಿಡಕ್ಕೆ ಮೂರು ವರ್ಷ ಪ್ರೋತ್ಸಾಹಧನ ಪಡೆದು ರೈತರು ಬೆಳೆಸಿದ ಹೆಬ್ಬೇವು, ತೇಗ, ಸಿಲ್ವರ್ ಓಕ್‌ಗಳಲ್ಲಿ ಮೊದಲ ತಲೆಯವು ಕೊಯ್ಲಿನ ವಯಸ್ಸಿಗೆ ಬಂದಿವೆ. ಅವುಗಳನ್ನು ಕಡಿಯಲು ಬರುವವರು ಅದೇ ಜಾಲಿ ಕಡಿಯುವ ಹುಡುಗರು. ತೆಂಗಿನ ಮರ ಹತ್ತುವವರಿಗಾಗಿ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ತರಬೇತಿ, ಹತ್ತುವ ಸಾಧನ ಮತ್ತು ವಿಮೆ ಮೂರನ್ನೂ ಒಟ್ಟಿಗೆ ಕೊಡುವ ಕಾರ್ಯಕ್ರಮ ಶುರುಮಾಡಿತು, ಅದೇ ಮಾದರಿ ಇಲ್ಲಿಗೂ ಹೊಂದುತ್ತದೆ. ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ, ಹಿರಿಯೂರಿನಲ್ಲಿ ಬಬ್ಬೂರು ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರ ಇದೆ. ಅರಣ್ಯ ಇಲಾಖೆಯ ಅನುಭವಿ ಸಿಬ್ಬಂದಿ ಒಂದು ವಾರ ಅಲ್ಲಿಗೆ ಬಂದು ಕಚ್ಚು ತೆಗೆಯುವುದನ್ನೂ ಬೆಣೆ ಹೊಡೆಯುವುದನ್ನೂ ಕೊಂಬೆ ಸವರುವುದನ್ನೂ ಕಲಿಸಿ, ಕಲಿತವರ ಪಟ್ಟಿಯನ್ನು ಗ್ರಾಮ ಪಂಚಾಯಿತಿಗಳಿಗೆ ಕೊಟ್ಟರೆ, ಮರ ಕಡಿಸುವ ರೈತನಿಗೆ ಯಾರನ್ನು ಕರೆಯಬೇಕೆಂದು ಗೊತ್ತಾಗುತ್ತದೆ. ಬರುವ ಏಪ್ರಿಲ್‌ನ ಗಾಳಿಗೆ ಮೊದಲು ಮೊದಲ ತಂಡದ ತರಬೇತಿ ಮುಗಿಸುವುದಕ್ಕೆ ಎರಡೂ ಜಿಲ್ಲಾಡಳಿತಗಳಿಗೆ ಸಮಯವಿದೆ.